ಮಕ್ಕಳಿಂದ ಮಕ್ಕಳಿಗೆ ಆರೋಗ್ಯದ ಪಾಠ, 12 ಸರ್ಕಾರಿ ಶಾಲೆಗಳಿಗೆ ನಿಮ್ಮ ಕೈಲಾದ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ,

ಹೋದ ವರ್ಷ ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಲಿ ಬಿಸಿಯೂಟದ ಅಕ್ಕ ಪಾತ್ರೆ ತೊಳೆದ ನೀರು ದಾಸವಾಳದ ಗಿಡಕ್ಕೆ ಹಾಕೋಕೆ ಹೋದ್ರೆ ಬುಡದಲ್ಲಿ ನೀಲಿ ಮಾತ್ರೆಗಳು, ಒಂದೆರಡಲ್ಲ, ಒಂದು ಹಿಡಿ ಆಗೋಷ್ಟು. ಸರ್ಕಾರ ವಾರಕ್ಕೊಂದು ಫ್ರೀಯಾಗಿ ಕೊಡೋ ಕಬ್ಬಿಣಾಂಶದ ಮಾತ್ರೆ ಅವು. ಮಕ್ಕಳು ಮೇಷ್ಟ್ರ ಎದುರಿಗೆ ಬಾಯಿಗೆ ಹಾಕ್ಕೊಂಡು ನಾಲಿಗೆ ಕೆಳಗೆ ಇಟ್ಕೊಂಡು ಆಮೇಲೆ ಹಿತ್ತಲಿಗೆ ಹೋಗಿ ಉಗಿದು ಬರ್ತಿದ್ವು. ಯಾಕೆ ಅಂತ ಟೀಚರ್ ಕೇಳಿದ್ರು, ನಮ್ಮ ಟ್ರಸ್ಟಿನವರೂ ಕೇಳಿದ್ವಿ, ಎಲ್ಲರೂ ತಲೆ ತಗ್ಗಿಸಿ ನಿಂತ್ಕೊಂಡ್ರೇ ಹೊರತು ಬಾಯಿ ಬಿಡ್ಲಿಲ್ಲ. ಕೊನೆಗೆ ಎಂಟನೇ ಕ್ಲಾಸಿನ ಒಂದು ಹುಡುಗಿ ಹತ್ರ ಹೇಳ್ಕೊಂಡ್ರು, ಹೊಟ್ಟೆ ತೊಳಸುತ್ತೆ, ಮಾರನೇ ದಿನ ಹೊರಕಡೆಗೆ ಕಪ್ಪಗೆ ಹೋಗುತ್ತೆ, ಏನೋ ಕಾಯಿಲೆ ಬಂತು ಅಂತ ಭಯ ಆಗುತ್ತೆ ಅಂತ.

ಆ ಹುಡುಗಿಗೆ ನಾವು ಹೇಳಿಕೊಟ್ಟಿದ್ದು ಇಷ್ಟೇ. ಖಾಲಿ ಹೊಟ್ಟೆಲಿ ಬೇಡ, ಊಟ ಆದ್ಮೇಲೆ ನುಂಗಬೇಕು. ಕಪ್ಪಗಾಗೋದು ಕಬ್ಬಿಣದಿಂದ, ಅದು ಕಾಯಿಲೆ ಅಲ್ಲ. ನುಂಗಿದ ತಕ್ಷಣ ಟೀ ಕುಡೀಬಾರದು, ನಿಂಬೆಹಣ್ಣಿನ ಪಾನಕ ಆದ್ರೆ ಒಳ್ಳೇದು. ಅವಳು ಹೋಗಿ ಎಲ್ಲರ ಮುಂದೆ ತಾನೇ ಒಂದು ಮಾತ್ರೆ ನುಂಗಿ "ನಂಗೇನಾಯ್ತು ನೋಡ್ರೇ" ಅಂದ್ಲು. ನಾವು ಗಂಟೆಗಟ್ಟಲೆ ಭಾಷಣ ಮಾಡಿದ್ರೂ ಆಗದ ಕೆಲಸ ಅದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಜನಕ್ಕೆ ರಕ್ತಹೀನತೆ ಇದೆ. ಅದಕ್ಕೇ ಈ ಮಾತ್ರೆ ಬರ್ತಿದೆ, ಅದು ಹೊಟ್ಟೆ ಸೇರ್ಬೇಕು ಅಷ್ಟೇ. ಮಕ್ಕಳ ಕೈಲೇ ಮಕ್ಕಳಿಗೆ ಹೇಳಿಸೋ ಈ ಪದ್ಧತಿ ನಾವೇನು ಹೊಸದಾಗಿ ಕಂಡುಹಿಡಿದಿದ್ದಲ್ಲ, 1978ರಲ್ಲೇ ಲಂಡನ್ನಿನಲ್ಲಿ ಮಕ್ಕಳ ಡಾಕ್ಟರ್ ಡೇವಿಡ್ ಮಾರ್ಲಿ ಮತ್ತೆ ಶಿಕ್ಷಣ ಕ್ಷೇತ್ರದ ಹ್ಯೂ ಹಾಸ್ ಸೇರ್ಕೊಂಡು "ಚೈಲ್ಡ್ ಟು ಚೈಲ್ಡ್" ಅಂತ ಶುರು ಮಾಡಿದ್ರು. ದೊಡ್ಡ ಮಕ್ಕಳು ತಮ್ಮ-ತಂಗಿಯರನ್ನ ಹೇಗೂ ನೋಡ್ಕೋತಾರೆ, ಅವರಿಗೇ ಸರಿಯಾಗಿ ಹೇಳಿಕೊಟ್ರೆ ಮನೆ ತನಕ ಮುಟ್ಟುತ್ತೆ ಅನ್ನೋದು ಅವರ ಲೆಕ್ಕ. ನಮ್ಮೂರ ಕಡೆ ಅಕ್ಕನ ಸೊಂಟದ ಮೇಲೆ ಬೆಳೆಯೋ ಮಕ್ಕಳನ್ನ ನೋಡಿದವರಿಗೆ ಇದು ಬಿಡಿಸಿ ಹೇಳ್ಬೇಕಿಲ್ಲ.

ಈ ವರ್ಷ 12 ಶಾಲೆಗೆ ಹೋಗ್ಬೇಕು ಅಂತಿದೀವಿ. ಶಾಲಾ ಸಂಸತ್ತಲ್ಲಿ ಆರೋಗ್ಯ ಮಂತ್ರಿ ಅಂತ ಒಬ್ಬರು ಇರ್ತಾರಲ್ಲ, ಅವರ ಜೊತೆ ಇನ್ನೂ ಮೂರು ಮಕ್ಕಳು ಸೇರಿಸಿ ಎರಡು ದಿನ ತರಬೇತಿ. ಭೇದಿ ಆದಾಗ ಕುಡಿಸೋ ಓಆರ್‌ಎಸ್‌ನ ಒಂದು ಲೀಟರಿನ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ ಹಾಕ್ಬೇಕು, ಎಷ್ಟೋ ಮನೆಲಿ ಒಂದು ಲೋಟಕ್ಕೆ ಅಂದಾಜಲ್ಲಿ ಉದುರಿಸಿ ಕೊಡ್ತಾರೆ, ಇದನ್ನ ಮಕ್ಕಳ ಕೈಲೇ ಬಾಟಲಿಲಿ ಅಳೆದು ಮಾಡಿಸ್ತೀವಿ. ಡೆಂಗ್ಯೂ ಸೊಳ್ಳೆಗೆ ಮೊಟ್ಟೆಯಿಂದ ಸೊಳ್ಳೆ ಆಗೋಕೆ ಹೆಚ್ಚೂಕಮ್ಮಿ ಒಂದು ವಾರ ಸಾಕು, ಅದಕ್ಕೆ ಪ್ರತಿ ಶನಿವಾರ ಡ್ರಮ್ಮು ತೊಟ್ಟಿ ಖಾಲಿ ಮಾಡಿ ಉಜ್ಜಿಸೋದು ಇವರ ಡ್ಯೂಟಿ. ಹಾವು ಕಚ್ಚಿದ್ರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಅಲ್ಲಾಡಿಸದೆ ಸೀದಾ ಆಸ್ಪತ್ರೆಗೆ ಅನ್ನೋದೂ ಇದೆ.

ಒಂದು ಶಾಲೆಗೆ ವರ್ಷಕ್ಕೆ 6,000 ರೂಪಾಯಿ ಬೇಕು. ತರಬೇತಿ ದಿನದ ಊಟ, ಬಸ್ ಚಾರ್ಜು, ಸೋಪು, ನೇಲ್ ಕಟ್ಟರ್, ಚಾರ್ಟು, ಪ್ರಥಮ ಚಿಕಿತ್ಸೆ ಡಬ್ಬ ಎಲ್ಲ ಸೇರಿ. ಹೇಳಿಕೊಡೋರು ರಿಟೈರ್ಡ್ ನರ್ಸ್ ಅಮ್ಮಂದಿರು, ಅವರು ಒಂದು ರೂಪಾಯಿನೂ ತಗೊಳ್ಳಲ್ಲ. ಒಂದು ಪೂರ್ತಿ ಶಾಲೆ ನೋಡ್ಕೊಂಡ್ರೆ ಬಹಳ ಸಂತೋಷ, 100 ರೂಪಾಯಿ ಕೊಟ್ರೂ ಅಷ್ಟೇ ಸಂತೋಷ, ದುಡ್ಡು ಬೇಡ ಅಂದ್ರೆ ಸೋಪಿನ ಬಾಕ್ಸ್ ಕಳಿಸಿ. ಜೂನ್ ಒಳಗೆ ಸೇರಿದ್ರೆ ಜುಲೈನಲ್ಲಿ ತರಬೇತಿ ಶುರು ಮಾಡ್ತೀವಿ. ಮೆಸೇಜ್ ಮಾಡಿ, ಅಕೌಂಟ್ ವಿವರ ಕಳಿಸ್ತೀವಿ, ರಸೀದಿನೂ ಅಂಗಡಿ ಬಿಲ್ಲೂ ನಿಮಗೆ ವಾಟ್ಸಾಪಲ್ಲಿ ಬರುತ್ತೆ.