ಸ್ಯೂರಾ ಬರೆದ ಮೂವರು ಮಾಡೆಲ್‌ಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಆಲ್ಬರ್ಟ್ ಬಾರ್ನ್ಸ್ ಎಂಬ ಸಿರಿವಂತ ಕೂಡಿಸಿಟ್ಟ ಚಿತ್ರಗಳ ಸಂಗ್ರಹ ನೋಡೋಕೆ ಫಿಲಡೆಲ್ಫಿಯಾಕ್ಕೆ ಹೊರಟಿದ್ದೀಯ ಅಂತ ತಿಳಿದು ತುಂಬಾ ಖುಷಿಯಾಯಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಫ್ರೆಂಚ್ ಚಿತ್ರಗಾರ ರೆನ್ವಾನ ಚಿತ್ರಗಳೇ 181 ಇವೆ. ಸೆಝಾನ್‌ನವು 69, ಮಾತೀಸ್‌ನವು 59. ಎಲ್ಲವನ್ನೂ ನೋಡಿ ಮುಗಿಸುತ್ತೇನೆ ಅಂತ ಹೊರಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲೋದಿಲ್ಲ. ಅಲ್ಲಿನ ದೊಡ್ಡ ಹಾಲ್‌ನಲ್ಲಿ ಒಂದು ಚಿತ್ರವಿದೆ. ನಿನ್ನ ಅರ್ಧ ಸಮಯವನ್ನು ಅದೊಂದಕ್ಕೇ ಕೊಟ್ಟರೂ ನಷ್ಟವಿಲ್ಲ. ಫ್ರೆಂಚ್ ಚಿತ್ರಗಾರ ಜಾರ್ಜ್ ಸ್ಯೂರಾ 1886ರಿಂದ 1888ರವರೆಗೆ ಕೂತು ಬರೆದ 'ಮಾಡೆಲ್‌ಗಳು'. ಅದು ಇರುವುದು ಗೋಡೆಯ ಮೇಲ್ಭಾಗದಲ್ಲಿ, ಸೆಝಾನ್‌ನ 'ಇಸ್ಪೀಟು ಆಡುವವರು' ಚಿತ್ರದ ಮೇಲೆ. ತಲೆ ಎತ್ತದೆ ನಡೆದರೆ ಅರ್ಧಂಬರ್ಧ ನೋಡಿದ ಹಾಗಾಗುತ್ತದೆ.

ಎತ್ತರ 2 ಮೀಟರ್, ಅಗಲ ಎರಡೂವರೆ ಮೀಟರ್. ಈ ಅಳತೆಯನ್ನು ಸುಮ್ನೆ ಹೇಳುತ್ತಿಲ್ಲ. ಆ ಕಾಲದ ಪ್ಯಾರಿಸ್‌ನಲ್ಲಿ ಇಷ್ಟು ದೊಡ್ಡ ಕ್ಯಾನ್ವಾಸ್ ಅಂದರೆ ಯುದ್ಧಕ್ಕೆ, ಪುರಾಣಕ್ಕೆ, ರಾಜ ಮಹಾರಾಜರಿಗೆ ಮೀಸಲು ಅನ್ನುವ ಭಾವನೆ ಇನ್ನೂ ಗಟ್ಟಿಯಾಗಿತ್ತು. ಬಟ್ಟೆ ತೊಡದ ಹೆಣ್ಣನ್ನು ಇಷ್ಟು ದೊಡ್ಡದಾಗಿ ಬರೆಯಬೇಕೆಂದರೆ ಅವಳಿಗೆ ವೀನಸ್ ಅಂತ ಹೆಸರಿಡಬೇಕು, ಇಲ್ಲವೇ ಕಾಡಿನ ಕೊಳದಲ್ಲಿ ಮೀಯಲು ಬಿಡಬೇಕು. ಸ್ಯೂರಾ ಅಂಥ ಯಾವ ನೆಪವನ್ನೂ ಹುಡುಕಲಿಲ್ಲ. ಚಿತ್ರಗಾರನ ಕೋಣೆಗೆ ದಿನಗೂಲಿಗೆ ಬಂದ ಹೆಣ್ಣನ್ನು, ಅವಳು ಮಾಡುವ ಕೆಲಸವನ್ನು, ಆ ರಾಜರ ಅಳತೆಯಲ್ಲಿ ಬರೆದ. ಈ ಚಿತ್ರ ನನ್ನನ್ನು ಹಿಡಿದಿಟ್ಟಿರುವುದು ಮುಖ್ಯವಾಗಿ ಇದಕ್ಕೇ.

ಚಿತ್ರದಲ್ಲಿ ಏನಿದೆ ಹೇಳುತ್ತೇನೆ ಕೇಳು. ಎಡಕ್ಕೆ ಒಬ್ಬಳು ನಮಗೆ ಬೆನ್ನು ಮಾಡಿ ಕೂತಿದ್ದಾಳೆ. ನಡುವೆ ಒಬ್ಬಳು ಎರಡೂ ಕೈಗಳನ್ನು ಮುಂದೆ ಜೋಡಿಸಿಕೊಂಡು ನೇರವಾಗಿ ನಮ್ಮನ್ನೇ ನೋಡುತ್ತಾ ನಿಂತಿದ್ದಾಳೆ. ಬಲಕ್ಕೆ ಇನ್ನೊಬ್ಬಳು ಪಕ್ಕಕ್ಕೆ ತಿರುಗಿ ಕೂತು, ಬಗ್ಗಿ, ಹಸಿರು ಕಾಲುಚೀಲ ಎಳೆಯುತ್ತಿದ್ದಾಳೆ. ಹಾಕಿಕೊಳ್ಳುತ್ತಿದ್ದಾಳೋ ಬಿಚ್ಚುತ್ತಿದ್ದಾಳೋ ಗೊತ್ತಾಗೋದಿಲ್ಲ. ಸುತ್ತ ಟೋಪಿ, ಕೊಡೆ, ಬೂಟು, ಬಿಚ್ಚಿಟ್ಟ ಬಟ್ಟೆ. ಮೂವರು ಬೇರೆ ಬೇರೆಯವರು ಅಂತಲೂ ಹೇಳುತ್ತಾರೆ, ಒಬ್ಬಳನ್ನೇ ಮೂರು ಕಡೆಯಿಂದ ಬರೆದಿದ್ದಾನೆ ಅಂತಲೂ ಹೇಳುತ್ತಾರೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಬಟ್ಟೆ ಬಿಚ್ಚಿ ಕಾಯುವುದು, ಅಲುಗಾಡದೆ ನಿಲ್ಲುವುದು, ಮುಗಿದ ಮೇಲೆ ಮತ್ತೆ ಬಟ್ಟೆ ಹಾಕಿಕೊಂಡು ಹೊರಡುವುದು. ಒಬ್ಬ ಹೆಣ್ಣುಮಗಳ ಒಂದು ದಿನದ ಕೆಲಸ ಅಷ್ಟೇ ಅಲ್ವಾ? ನಡುವೆ ನಿಂತವಳ ಮುಖ ನೋಡು. ನಾಚಿಕೆ ಇಲ್ಲ, ಒಯ್ಯಾರವೂ ಇಲ್ಲ. ಕೆಲಸದ ಮೇಲಿರುವವರ ಮುಖ ಅದು.

ಎಡಗಡೆಯ ಗೋಡೆಗೆ ಒರಗಿ ಇನ್ನೊಂದು ಭಾರಿ ಚಿತ್ರ ನಿಂತಿದೆ. ಅದು ಸ್ಯೂರಾನದೇ, 1884ರಿಂದ 86ರವರೆಗೆ ಬರೆದ 'ಗ್ರಾಂಡ್ ಜಾಟ್ ದ್ವೀಪದಲ್ಲಿ ಒಂದು ಭಾನುವಾರ'. ಈಗ ಷಿಕಾಗೋದಲ್ಲಿದೆ, ನೀನು ಪುಸ್ತಕಗಳಲ್ಲಿ ನೋಡಿರುತ್ತೀಯ. ನದಿ ದಂಡೆಯಲ್ಲಿ ಪ್ಯಾರಿಸ್‌ನ ಜನ ಠಾಕುಠೀಕಾಗಿ ಬಟ್ಟೆ ತೊಟ್ಟು ಅಡ್ಡಾಡುವ ಚಿತ್ರ. ಅದನ್ನು ಮೊದಲು ಪ್ರದರ್ಶನಕ್ಕಿಟ್ಟಾಗ, ಮನುಷ್ಯರು ಮರದ ಗೊಂಬೆಗಳ ಹಾಗಿದ್ದಾರೆ, ಜೀವವೇ ಇಲ್ಲ ಅಂತ ಬೈದವರಿದ್ದರು. ಸ್ಯೂರಾ ಬಣ್ಣವನ್ನು ಪುಟ್ಟ ಪುಟ್ಟ ಚುಕ್ಕಿಗಳಾಗಿ ಇಟ್ಟು ಬರೆಯುತ್ತಿದ್ದ. ಹೀಗೆ ಚುಕ್ಕಿ ಇಟ್ಟು ಬರೆದರೆ ಮರ, ನೀರು ಬಂದೀತು, ಮನುಷ್ಯರ ಮೈ ಬರುವುದುಂಟೇ ಅನ್ನುವ ಅನುಮಾನವೂ ಇತ್ತು. ಅದಕ್ಕೆ ಸ್ಯೂರಾ ಬಾಯಿಂದ ಉತ್ತರ ಕೊಡಲಿಲ್ಲ. ಬೈಸಿಕೊಂಡ ಚಿತ್ರವನ್ನೇ ಗೋಡೆಗೆ ನಿಲ್ಲಿಸಿ, ಅದರ ಮುಂದೆ ಬರೀ ಮೈಯ ಮೂವರನ್ನು ಅದೇ ಚುಕ್ಕಿಗಳಲ್ಲಿ ಬರೆದು ತೋರಿಸಿದ.

ಇಲ್ಲೊಂದು ಜಾಗದಲ್ಲಿ ನೀನು ನಿಲ್ಲಲೇಬೇಕು. ಎಡಗಡೆ ಕೂತವಳ ಬೆನ್ನಿನ ಹತ್ತಿರವೇ, ಆ ಚಿತ್ರದೊಳಗಿನ ಸಿರಿವಂತ ಹೆಂಗಸು ಕಾಣುತ್ತಾಳೆ. ಅವಳ ಲಂಗದ ಹಿಂಬದಿಯನ್ನು ನೋಡು. ಒಳಗೆ ಕಟ್ಟು ಕಟ್ಟಿ ಬೆಟ್ಟದ ಹಾಗೆ ಉಬ್ಬಿಸಿದ್ದಾರೆ, ಆಗಿನ ಫ್ಯಾಷನ್ ಅದು. ಅವಳ ಮೈ ಯಾವ ಆಕಾರದಲ್ಲಿದೆ ಅಂತ ಊಹಿಸೋಕೂ ಆಗೋದಿಲ್ಲ. ಪಕ್ಕದಲ್ಲೇ ಈ ಬೆನ್ನು. ಕುತ್ತಿಗೆಯಿಂದ ಇಳಿದು, ಸೊಂಟದ ಹತ್ತಿರ ಸ್ವಲ್ಪ ಒಳಸರಿದು, ಮತ್ತೆ ಹರಡಿ ಬಿಳಿ ಬಟ್ಟೆಯ ಮೇಲೆ ನೆಲೆ ನಿಂತ ಒಂದೇ ಗೆರೆ. ಬಟ್ಟೆ ತೊಟ್ಟವಳು ಗೊಂಬೆ, ತೊಡದವಳು ಮನುಷ್ಯಳು. ಸುತ್ತ ಇರುವ ಟೋಪಿ, ಕೊಡೆ ಕೂಡ ಚಿತ್ರದೊಳಗಿನ ಜನರ ಟೋಪಿ, ಕೊಡೆಗಳ ಜಾತಿಯವೇ. ಇವಳು ಅವನ್ನು ತೊಟ್ಟರೆ ನಾಳೆ ಇವಳೂ ಆ ದಂಡೆಯ ಮೇಲೆ ನಿಂತಿರುತ್ತಾಳೆ. ಎಷ್ಟು ದೊಡ್ಡ ಮಾತನ್ನು ಒಂದು ಟೋಪಿಯಲ್ಲಿ ಹೇಳಿಬಿಟ್ಟಿದ್ದಾನೆ ನೋಡು!

ಇನ್ನು ಆ ಚುಕ್ಕಿಗಳು. ಮೈಬಣ್ಣ ಅಂತ ಒಂದು ಬಣ್ಣವನ್ನು ಕಲಸಿ ಬಳಿದಿಲ್ಲ. ಗುಲಾಬಿ, ಕಿತ್ತಳೆ, ಹಳದಿ, ನೀಲಿ, ನೇರಳೆ ಎಲ್ಲವನ್ನೂ ಬೇರೆ ಬೇರೆಯಾಗಿ ಅಕ್ಕಪಕ್ಕ ಇಟ್ಟಿದ್ದಾನೆ. ದೂರ ನಿಂತರೆ ಅವು ನಮ್ಮ ಕಣ್ಣಲ್ಲೇ ಕೂಡಿಕೊಳ್ಳುತ್ತವೆ. ಇದರ ಹಿಂದೆ ಷೆವ್ರಲ್ ಎಂಬ ರಸಾಯನ ವಿಜ್ಞಾನಿ ಇದ್ದಾನೆ. ಅವನು ಪ್ಯಾರಿಸ್‌ನ ಗೋಬ್ಲಾಂ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ. ಚಿತ್ರ ನೇಯುವ ಕಾರ್ಖಾನೆ ಅದು. ಕಪ್ಪು ದಾರ ಮಂಕಾಗಿದೆ ಅಂತ ದೂರು ಬಂದಾಗ ಪರೀಕ್ಷೆ ಮಾಡಿದ. ಬಣ್ಣದಲ್ಲಿ ದೋಷ ಇರಲಿಲ್ಲ, ಪಕ್ಕದ ದಾರದ ಬಣ್ಣ ಕಪ್ಪನ್ನು ಮಂಕಾಗಿಸುತ್ತಿತ್ತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ ಅಂತ 1839ರಲ್ಲಿ ಪುಸ್ತಕವನ್ನೇ ಬರೆದ. ಸ್ಯೂರಾ ಅದನ್ನು ಓದಿ ಕೆಲಸಕ್ಕೆ ಹಚ್ಚಿದ. ಮೈಯ ಅಂಚು ಕಪ್ಪಾಗಿರುವ ಕಡೆ ಹಿಂದಿನ ಗೋಡೆಯನ್ನು ಬೆಳಗಿಸುತ್ತಾನೆ, ಮೈ ಬೆಳ್ಳಗಿರುವ ಕಡೆ ಗೋಡೆಯನ್ನು ಕಪ್ಪಾಗಿಸುತ್ತಾನೆ. ಗೆರೆ ಎಳೆಯದೇನೇ ಅಂಚು ಹುಟ್ಟುತ್ತದೆ. ಮೂವರೂ ಗೋಡೆಯಿಂದ ಸ್ವಲ್ಪ ಮುಂದೆ ಬಂದ ಹಾಗೆ ಕಾಣುವುದು ಇದರಿಂದಲೇ.

ಇಷ್ಟು ದೊಡ್ಡ ಕ್ಯಾನ್ವಾಸನ್ನು ಇಷ್ಟು ಚಿಕ್ಕ ಚುಕ್ಕಿಗಳಿಂದ ತುಂಬಿಸುವುದು ಎಂಥ ದುಡಿಮೆ ಅಂತ ಯೋಚಿಸು. 1887ರಲ್ಲಿ ಚಿತ್ರಗಾರ ಗೆಳೆಯ ಸಿನ್ಯಾಕ್‌ಗೆ ಬರೆದ ಪತ್ರದಲ್ಲಿ, ಪ್ಲಾಸ್ಟರ್ ತಳ ಕೊಟ್ಟ ಕ್ಯಾನ್ವಾಸ್ ತನ್ನನ್ನು ಎದೆಗುಂದಿಸುತ್ತಿದೆ, ಕೆಲಸ ಕಷ್ಟವಾಗಿದೆ ಅಂತ ಹೇಳಿಕೊಂಡಿದ್ದಾನೆ. 1889ರಲ್ಲಿ ಚಿತ್ರ ಬ್ರಸೆಲ್ಸ್‌ನ ಪ್ರದರ್ಶನಕ್ಕೆ ಹೋಯಿತು. ಬೆಲೆ ಎಷ್ಟು ಅಂತ ಅಲ್ಲಿಯವರು ಕೇಳಿದಾಗ ಸ್ಯೂರಾ ಕೊಟ್ಟ ಲೆಕ್ಕ ನನಗೆ ತುಂಬಾ ಇಷ್ಟ. ಒಂದು ವರ್ಷದ ಕೆಲಸ, ದಿನಕ್ಕೆ 7 ಫ್ರಾಂಕ್. ಗುಣಿಸಿದರೆ 2,555 ಫ್ರಾಂಕ್. ಪ್ರತಿಭೆಗೆ ಬೆಲೆ ಕಟ್ಟಲಿಲ್ಲ, ದಿನಗೂಲಿ ಲೆಕ್ಕ ಹಾಕಿದ. ಚಿತ್ರದೊಳಗೆ ನಿಂತವಳಿಗೂ ಅದನ್ನು ಬರೆದವನಿಗೂ ಒಂದೇ ಲೆಕ್ಕ! ಅವನು ಬದುಕಿರುವವರೆಗೂ ಯಾರೂ ಕೊಳ್ಳಲಿಲ್ಲ. 1891ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 31 ವರ್ಷ. ಇದೇ ಚಿತ್ರವನ್ನು ಅವನು ಚಿಕ್ಕದಾಗಿಯೂ ಬರೆದಿದ್ದ, ಒಂದು ಅಡಿ ಚಿಲ್ಲರೆ ಎತ್ತರ. ಮೈಕ್ರೋಸಾಫ್ಟ್‌ನ ಪಾಲ್ ಆಲೆನ್ ಅವರ ಖಾಸಗಿ ಸಂಗ್ರಹದಲ್ಲಿದ್ದ ಅದು 2022ರ ಹರಾಜಿನಲ್ಲಿ 14.9 ಕೋಟಿ ಡಾಲರಿಗೂ ಜಾಸ್ತಿಗೆ ಹೋಯಿತು. ಆ ದುಡ್ಡಿನ ಸುದ್ದಿಗಿಂತ ಏಳು ಫ್ರಾಂಕಿನ ಲೆಕ್ಕವೇ ಚಿತ್ರದ ಬಗ್ಗೆ ಹೆಚ್ಚು ಹೇಳುತ್ತದೆ ಅಂತ ನನ್ನ ನಂಬಿಕೆ.

ದೊಡ್ಡದು ಮೊದಲು ಜರ್ಮನಿಯ ಕಲಾಸಂಗ್ರಾಹಕ ಹ್ಯಾರಿ ಕೆಸ್ಲರ್ ಹತ್ತಿರ ಇತ್ತು. 1926ರಲ್ಲಿ ಆಲ್ಬರ್ಟ್ ಬಾರ್ನ್ಸ್ ಕೊಂಡ. ಈ ಬಾರ್ನ್ಸ್ ಬಗ್ಗೆ ಒಂದೆರಡು ಮಾತು ತಿಳಿದಿದ್ದರೆ ಒಳ್ಳೆಯದು. ಫಿಲಡೆಲ್ಫಿಯಾದ ಬಡ ಮನೆಯ ಹುಡುಗ. ಓದಿ ಡಾಕ್ಟರಾದ. ಆರ್ಜಿರಾಲ್ ಅನ್ನುವ ಔಷಧಿ ಮಾರಿ ಸಿರಿವಂತನಾದ. ಹುಟ್ಟಿದ ಮಕ್ಕಳ ಕಣ್ಣಿಗೆ ಸೋಂಕು ತಗುಲದಂತೆ ಹಾಕುತ್ತಿದ್ದ ಹನಿ ಅದು. ಕೊಂಡ ಚಿತ್ರಗಳನ್ನು ಕಾರ್ಖಾನೆಯ ಗೋಡೆಗೆ ತೂಗುಹಾಕಿದ. ಕೆಲಸಗಾರರಿಗೆ ಎಂಟು ಗಂಟೆಯ ದಿನದಲ್ಲಿ ಆರು ಗಂಟೆ ಕೆಲಸ, ಉಳಿದ ಎರಡು ಗಂಟೆ ಓದು, ಚರ್ಚೆ, ಚಿತ್ರ ನೋಡುವುದು. ಅವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ಗಂಡಸರು, ಬಿಳಿಯ ಹೆಂಗಸರು. 1922ರಲ್ಲಿ ಸಂಸ್ಥೆ ಕಟ್ಟಿದ್ದೂ ಕಲಿಸುವುದಕ್ಕೇ. 2012ರಲ್ಲಿ ಸಂಗ್ರಹ ಫಿಲಡೆಲ್ಫಿಯಾ ಹೊರವಲಯದ ಮೆರಿಯನ್‌ನಿಂದ ನಗರದೊಳಕ್ಕೆ ಬಂತು. ಅದರ ಬಗ್ಗೆ ದೊಡ್ಡ ಜಗಳವೇ ಆಗಿತ್ತು, ಈಗ ಬೇಡ. ಚಿತ್ರಗಳ ಜೋಡಣೆ ಮಾತ್ರ ಅವನು ಇಟ್ಟ ಹಾಗೇ ಇದೆ.

ಆ ಜೋಡಣೆ ಮೊದಲು ವಿಚಿತ್ರ ಅನ್ನಿಸಬಹುದು. ಚಿತ್ರಗಳ ನಡುವೆ ಬಾಗಿಲಿನ ಕೀಲು, ಬೀಗದ ತಗಡು, ಕಬ್ಬಿಣದ ಸಾಮಾನು. ಗೋಡೆಯ ಮೇಲೆ ವಿವರಣೆಯ ಫಲಕ ಇಲ್ಲವೇ ಇಲ್ಲ. ಆದರೆ ಈ ಗೋಡೆಯಲ್ಲಿ ಬಾರ್ನ್ಸ್ ಎಷ್ಟು ಯೋಚಿಸಿದ್ದಾನೆ ನೋಡು. ಕೆಳಗಿನ ಸೆಝಾನ್‌ನ ಚಿತ್ರದಲ್ಲಿ ಇಸ್ಪೀಟು ಹಿಡಿದು ಕೂತವರು ಹೊಲದ ಕೆಲಸಗಾರರು. ಹಿಂದೆ ಒಬ್ಬ ಪೈಪ್ ಬಾಯಲ್ಲಿಟ್ಟು ನಿಂತಿದ್ದಾನೆ, ಪಕ್ಕದಲ್ಲಿ ಒಂದು ಮಗು. ಮೇಲೆ ಮೂವರು, ಕೆಳಗೆ ಅವರು. ಎರಡರಲ್ಲೂ ಕೂಲಿಯವರೇ, ಎರಡರಲ್ಲೂ ಮಾತಿಲ್ಲ, ಎಲ್ಲರೂ ತಮ್ಮ ತಮ್ಮ ಕೈಯ ಕೆಲಸದಲ್ಲಿ ಮುಳುಗಿದ್ದಾರೆ. ಕೆಳಗಿನವರು ಮಣ್ಣಿನ ಹಾಗೆ ಭಾರ, ಮೇಲಿನವರು ಹಗುರ. ಬಾರ್ನ್ಸ್ ಇದನ್ನೆಲ್ಲ ಆಕಾರ, ಬಣ್ಣದ ಹೊಂದಾಣಿಕೆ ಅಂತಲೇ ವಿವರಿಸುತ್ತಿದ್ದ. ನಾನು ಮಾತ್ರ ಅದರಲ್ಲಿ ಅವನ ಕಾರ್ಖಾನೆಯ ಜನರನ್ನೂ ಕಾಣುತ್ತೇನೆ.

ನನ್ನದೊಂದು ತಕರಾರೂ ಇದೆ. ಚಿತ್ರ ಅಷ್ಟು ಎತ್ತರದಲ್ಲಿರುವುದರಿಂದ ಚುಕ್ಕಿಗಳ ಹತ್ತಿರ ಹೋಗೋಕಾಗೋದಿಲ್ಲ. ದೂರದಿಂದ ಕೂಡಿಕೊಂಡ ಬಣ್ಣ, ಹತ್ತಿರದಿಂದ ಬಿಡಿಬಿಡಿ ಚುಕ್ಕಿ, ಹೀಗೆ ಮುಂದೆ ಹಿಂದೆ ಓಡಾಡಿ ನೋಡಿದರೇ ಈ ಬಗೆಯ ಚಿತ್ರದ ಪೂರ್ತಿ ಸುಖ. ಅಲ್ಲಿ ಅರ್ಧ ಸಿಗುತ್ತದೆ, ಅರ್ಧ ಸಿಗೋದಿಲ್ಲ.

ಅದಕ್ಕೇ ಒಂದು ಚಿಕ್ಕ ದುರ್ಬೀನು ಜೊತೆಗಿಟ್ಟುಕೋ. ಮೊದಲು ಎದುರಿನ ಗೋಡೆಯವರೆಗೂ ಹಿಂದೆ ಸರಿದು ಬರಿಗಣ್ಣಿಂದ ನೋಡು. ಆಮೇಲೆ ದುರ್ಬೀನು ಹಿಡಿದು ಆ ಬೆನ್ನು, ಅದರ ಪಕ್ಕದ ಲಂಗ, ಬಲಗಡೆಯ ಹಸಿರು ಕಾಲುಚೀಲ. ಕಾಲುಚೀಲ ಹಾಕಿಕೊಳ್ಳುತ್ತಿದ್ದಾಳೋ ಬಿಚ್ಚುತ್ತಿದ್ದಾಳೋ ನಿನಗೆ ಏನನ್ನಿಸಿತು ಅಂತ ಬಂದ ಮೇಲೆ ತಪ್ಪದೆ ಬರೆ.

ನಿನ್ನ,
ಹಳೆಯ ಗೆಳೆಯ