ಬೋನಸ್ಸಿನ ಲೆಕ್ಕವನ್ನು ಸಹಿ ಹಾಕಿಸುವ ದಿನವೇ ತಿಳಿಸಲಿ

ಮಾನ್ಯ ಸಂಪಾದಕರೇ,

ಸಾಲ ತೀರಿಸಲಾಗದೆ ಕಂತಿನ ಒಪ್ಪಂದ ಮಾಡಿಕೊಂಡವರ ಬಗ್ಗೆ ಬರೆಯುವವರು ಬಡ್ಡಿ, ಕಂತು, ಅವಧಿ ಇಷ್ಟನ್ನೇ ವಿವರಿಸಿ ಮುಗಿಸುತ್ತಾರೆ. ನಡುವೆ ಕೆಲಸದಲ್ಲಿ ಬೋನಸ್ ಬಂದರೆ ಅದು ಯಾರ ಪಾಲು ಎಂಬುದು ಮಾತ್ರ ಹೇಳದೇ ಉಳಿಯುತ್ತದೆ. ನಾನು ಇಂಗ್ಲೆಂಡಿನಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಬೋನಸ್ ಕೊಡುವ ತಿಂಗಳು ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಇಲ್ಲಿ ದುಡಿಯುವ ಕನ್ನಡಿಗರೂ ಕೇಳಿದ್ದುಂಟು, ಅದಕ್ಕೇ ಈ ಪತ್ರ.

ಇಲ್ಲಿ ಸಾಲಗಾರರು ಸಾಲದಾತರೊಂದಿಗೆ ಮಾಡಿಕೊಳ್ಳುವ ಕಂತಿನ ಒಪ್ಪಂದಕ್ಕೆ ಇಂಡಿವಿಜುವಲ್ ವಾಲಂಟರಿ ಅರೇಂಜ್‌ಮೆಂಟ್, ಚಿಕ್ಕದಾಗಿ ಐವಿಎ, ಎಂಬ ವ್ಯವಸ್ಥೆಯಿದೆ. 1986ರ ದಿವಾಳಿ ಕಾಯ್ದೆಯಡಿ ನಡೆಯುವಂಥದ್ದು. ಮತ ಹಾಕಿದ ಸಾಲದಾತರಲ್ಲಿ, ಸಾಲದ ಮೊತ್ತದ ಲೆಕ್ಕದಲ್ಲಿ ಶೇ 75ರಷ್ಟು ಒಪ್ಪಿದರೆ ಉಳಿದವರೂ ಅದಕ್ಕೆ ಬದ್ಧರು. ಮನೆ ಖರ್ಚು ಕಳೆದು ಉಳಿದ ಹಣ ಪ್ರತಿ ತಿಂಗಳೂ ಒಪ್ಪಂದದ ಉಸ್ತುವಾರಿ ನೋಡುವ ಸೂಪರ್‌ವೈಸರ್ ಕೈ ಸೇರುತ್ತದೆ, ಸಾಮಾನ್ಯವಾಗಿ ಐದು ವರ್ಷ. ಬಹುಪಾಲು ಒಪ್ಪಂದಗಳು ಅನುಸರಿಸುವ ಪ್ರೊಟೊಕಾಲ್‌ನಲ್ಲಿ, ಅಂದರೆ ಮಾದರಿ ಷರತ್ತುಗಳ ಕಟ್ಟಿನಲ್ಲಿ, ಬೋನಸ್, ಓವರ್‌ಟೈಮ್, ಕಮಿಷನ್ ಬಗ್ಗೆ ಒಂದು ಷರತ್ತಿದೆ. ಮೊದಲೇ ಆದಾಯದಲ್ಲಿ ಲೆಕ್ಕಕ್ಕೆ ಹಿಡಿಯದ ಇಂಥ ಹಣ, ಎಂದಿನಂತೆ ಕೈಗೆ ಬರುವ ಸಂಬಳದ ಶೇ 10ನ್ನು ಮೀರಿದರೆ 14 ದಿನದೊಳಗೆ ಸೂಪರ್‌ವೈಸರ್‌ಗೆ ತಿಳಿಸಬೇಕು. ಆ ಶೇ 10ರ ಮೇಲಿನದ್ದರಲ್ಲಿ ಅರ್ಧವನ್ನು ಕಟ್ಟಬೇಕು.

ಹೀಗೆ ಹೇಳಿದರೆ ಯಾರಿಗೂ ಸರಿಯಾಗಿ ತಿಳಿಯುವುದಿಲ್ಲ. ಪೇ ಸ್ಲಿಪ್ಪನ್ನೇ ಮುಂದಿಟ್ಟುಕೊಂಡು ನೋಡೋಣ. ತಿಂಗಳಿಗೆ ಕೈಗೆ ಬರುವುದು 2,000 ಪೌಂಡ್. ಘೋಷಣೆಯಾದ ಬೋನಸ್ 1,200. ಅದರಲ್ಲಿ ಶೇ 20 ಆದಾಯ ತೆರಿಗೆ, ಶೇ 8 ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ವಂತಿಗೆ) ಹೋಗಿ ಸಿಗುವುದು 864. ಸಂಬಳದ ಶೇ 10 ಅಂದರೆ 200, ಅದನ್ನು ಯಾರೂ ಮುಟ್ಟುವಂತಿಲ್ಲ. ಉಳಿದ 664ರಲ್ಲಿ ಅರ್ಧ, 332, ಒಪ್ಪಂದಕ್ಕೆ. ಬೋನಸ್ ಪಡೆದವರ ಬಳಿ 532 ಪೌಂಡ್ ಉಳಿಯುತ್ತದೆ. ಇಷ್ಟೇ ಲೆಕ್ಕ. ಆದರೆ ಇಷ್ಟನ್ನು ಅವರವರ ಸಂಬಳದ ಅಂಕಿಗಳಲ್ಲಿ ಬರೆದುಕೊಟ್ಟವರನ್ನು ನಾನು ಕಂಡಿಲ್ಲ.

ತಿಳಿಸದೇ ಬಿಟ್ಟಿದ್ದರ ಫಲ ಹೆದರಿಕೆ. "ಈ ಬೋನಸ್ ಮಾತ್ರ ಬೇರೆ ಅಕೌಂಟಿಗೆ ಹಾಕೋಕೆ ಆಗುತ್ತಾ ಸರ್?" ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಪೂರ್ತಿ ಹಣ ಹೋಗಿಬಿಡುತ್ತದೆ ಎಂದೇ ಅವರು ನಂಬಿರುತ್ತಾರೆ. ವರ್ಷಕ್ಕೊಮ್ಮೆ ನಡೆಯುವ ಪರಿಶೀಲನೆಯಲ್ಲಿ ಪೇ ಸ್ಲಿಪ್ ಕೇಳುತ್ತಾರೆ, ಮುಚ್ಚಿಟ್ಟದ್ದು ಅಲ್ಲಿ ಸಿಕ್ಕಿಬೀಳುತ್ತದೆ. ಆಗ ಅದು ಒಪ್ಪಂದದ ಉಲ್ಲಂಘನೆ. ಒಪ್ಪಂದ ಮುರಿದುಬಿದ್ದರೆ ಸಾಲದಾತರು ಮತ್ತೆ ಬಾಕಿಗಾಗಿ ಬೆನ್ನು ಹತ್ತಬಹುದು. 332 ಪೌಂಡ್ ಉಳಿಸಲು ಹೋಗಿ ವರ್ಷಗಟ್ಟಲೆ ಹೊಟ್ಟೆ ಬಟ್ಟೆ ಕಟ್ಟಿ ಕಟ್ಟಿದ ಕಂತುಗಳನ್ನೇ ಪಣಕ್ಕಿಟ್ಟಂತೆ. ಮುಚ್ಚಿಟ್ಟವರನ್ನು ಕಳ್ಳರೆಂದು ಬೈಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಬಂದದ್ದೆಲ್ಲ ಸಾಲ ಕೊಟ್ಟವರಿಗೇ ಸೇರಬೇಕು ಎನ್ನುವವರಿದ್ದಾರೆ. ಆ ವಾದ ನನಗೆ ಒಪ್ಪಿಗೆಯಿಲ್ಲ. ಒಂದು ಪೈಸೆಯೂ ತನಗೆ ಉಳಿಯದಿದ್ದರೆ ಹೆಚ್ಚಿನ ಪಾಳಿಗೆ ಯಾರು ಬರುತ್ತಾರೆ? ಅರ್ಧ ಪಾಲಿನಲ್ಲಿ ಇಬ್ಬರಿಗೂ ಲಾಭವಿದೆ. ಇನ್ನು ಒಮ್ಮೆ ಬಂದ ಹಣವನ್ನೇ ತಿಂಗಳ ಆದಾಯವೆಂದು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಮೊಕದ್ದಮೆ ಸಾಕ್ಷಿ. ಅಲ್ಲಿನ ದಿವಾಳಿ ಕಾನೂನಿನಲ್ಲಿ ಕಂತಿನಲ್ಲಿ ಸಾಲ ತೀರಿಸುವ ವ್ಯವಸ್ಥೆಯಾದ ಚಾಪ್ಟರ್ 13ರಲ್ಲಿ ಅರ್ಜಿಗೆ ಹಿಂದಿನ ಆರು ತಿಂಗಳ ಸರಾಸರಿ ಆದಾಯ ನೋಡುತ್ತಾರೆ. ಹಳೆಯ ಕೆಲಸ ಬಿಡುವಾಗ ಒಬ್ಬ ಮಹಿಳೆಗೆ ಸಿಕ್ಕ ಇಡಿಗಂಟು ಆ ಸರಾಸರಿಯಲ್ಲಿ ಸೇರಿ, ಹೊಸ ಸಂಬಳದಲ್ಲಿ ಕಟ್ಟಲಾಗದ ಕಂತು ಅವರ ತಲೆಯ ಮೇಲೆ ಬೀಳುವುದರಲ್ಲಿತ್ತು. ಮುಂದೆ ಆಗುವುದು ಖಚಿತ ಅಥವಾ ಬಹುತೇಕ ಖಚಿತ ಎನಿಸಿದ ಬದಲಾವಣೆಯನ್ನೂ ನ್ಯಾಯಾಲಯ ಪರಿಗಣಿಸಬಹುದು ಎಂದು 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಐವಿಎಯಲ್ಲೂ ಇದೇ ಅಪಾಯವಿದೆ. ಪ್ರತಿ ವರ್ಷ ಬರುತ್ತದೆಂದು ಬೋನಸ್ಸನ್ನು ಮೊದಲೇ ಆದಾಯಕ್ಕೆ ಸೇರಿಸಿ ಕಂತು ನಿಗದಿ ಮಾಡಿದರೆ, ಕಂಪನಿ ಒಂದು ವರ್ಷ ಕೈ ಎತ್ತಿದಾಗ ಕಂತು ಬಾಕಿ ಬೀಳುತ್ತದೆ. ಕೈಗೆ ಬರುವುದು ಖಚಿತವಿಲ್ಲದ ಬೋನಸ್ಸನ್ನು ತಿಂಗಳ ಲೆಕ್ಕದಿಂದ ಹೊರಗಿಡಿ ಎಂದು ಸಹಿಗೆ ಮೊದಲೇ ಪಟ್ಟು ಹಿಡಿಯುವುದು ಲೇಸು.

ಕಾಯ್ದೆಯ ಬಂಧನವಿಲ್ಲದೆ ಸಾಲದಾತರೊಂದಿಗೆ ಮಾಡಿಕೊಳ್ಳುವ ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್‌ನಂಥ ಅನೌಪಚಾರಿಕ ಹೊಂದಾಣಿಕೆಯಲ್ಲಿ ಇಂಥ ಬಿಗಿ ಷರತ್ತಿಲ್ಲ. ಯೋಜನೆ ನಡೆಸುವವರಿಗೆ ತಿಳಿಸಿ ಮಾತಾಡಿಕೊಂಡರಾಯಿತು.

ಒಪ್ಪಂದ ಸಿದ್ಧಪಡಿಸುವವರಲ್ಲಿ ನನ್ನ ಬೇಡಿಕೆ ಎರಡೇ. ಸಹಿ ಹಾಕಿಸುವ ಮೊದಲು ಆ ವ್ಯಕ್ತಿಯ ಸಂಬಳವನ್ನೇ ಇಟ್ಟುಕೊಂಡು, ಬೋನಸ್ ಬಂದರೆ ಎಷ್ಟು ಕಟ್ಟಬೇಕು, ಎಷ್ಟು ಉಳಿಯುತ್ತದೆ ಎಂದು ಅರ್ಧ ಪುಟದಲ್ಲಿ ಬರೆದುಕೊಡಲಿ. ಗಡುವು ತಪ್ಪಿಸಿ ತಾನಾಗಿಯೇ ಬಂದು ಹೇಳಿದವರಿಗೆ ಮೊದಲ ಸಲ ಉಲ್ಲಂಘನೆಯ ನೋಟಿಸ್ ಕಳಿಸದೆ, ಆ ಹಣವನ್ನು ಮೂರು ನಾಲ್ಕು ಕಂತುಗಳಲ್ಲಿ ಕಟ್ಟಲು ಬಿಡಲಿ.

– ಒಬ್ಬ ಓದುಗ, ಇಂಗ್ಲೆಂಡ್