ಸಕ್ಕರೆ ನೋಡಲು ಬಂದವರು ಮರೆವನ್ನೂ ವಿಚಾರಿಸಲಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಕರ್ನಾಟಕ ಸರ್ಕಾರ

ಮಾನ್ಯರೇ,

ಗೃಹ ಆರೋಗ್ಯ ಯೋಜನೆ 2024ರಲ್ಲಿ ನಮ್ಮ ಕೋಲಾರ ಜಿಲ್ಲೆಯಿಂದಲೇ ಆರಂಭವಾಯಿತು. ಮನೆಬಾಗಿಲಿಗೇ ಬಂದು ಸಕ್ಕರೆ, ರಕ್ತದೊತ್ತಡ ನೋಡುವ ಈ ಕೆಲಸದ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಕೋರಿಕೆ ಸಲ್ಲಿಸುತ್ತಿದ್ದೇನೆ. ಅರುವತ್ತು ದಾಟಿದ ಮಧುಮೇಹಿಗಳಿರುವ ಪ್ರತಿ ಮನೆಯಲ್ಲೂ ‘ಇವರು ಮಾತ್ರೆ ನುಂಗಿದ್ದನ್ನೇ ಮರೆಯುತ್ತಾರೆಯೇ?’ ಎಂದು ಜೊತೆಗಿರುವವರನ್ನು ಕೇಳುವುದು ಕಡ್ಡಾಯವಾಗಲಿ. ರೋಗಿಯನ್ನೇ ಕೇಳಿದರೆ ‘ಇಲ್ಲ’ ಎಂದೇ ಹೇಳುತ್ತಾರೆ.

ನನ್ನ ತಾಯಿಯೂ ಹಾಗೆಯೇ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ಎರಡು ಸಲ ನುಂಗಿ, ತಿಂಡಿ ಆಯಿತೆಂದುಕೊಂಡು ಖಾಲಿ ಹೊಟ್ಟೆಯಲ್ಲೇ ಕುಳಿತಿದ್ದರು. ನಾನು ನೋಡುವ ಹೊತ್ತಿಗೆ ರವಿಕೆ ಬೆವರಿನಲ್ಲಿ ತೊಯ್ದಿತ್ತು, ನನ್ನನ್ನು ಚಿಕ್ಕಮ್ಮನ ಹೆಸರಿನಿಂದ ಕರೆಯುತ್ತಿದ್ದರು. ಬೆರಳು ಚುಚ್ಚಿದರೆ ಸಕ್ಕರೆ ತೀರಾ ಇಳಿದು ಗ್ಲುಕೋಮೀಟರ್ 48 ತೋರಿಸಿತು. ಅವರ ಮರೆವಿನ ವಿಷಯವನ್ನು ಚಿಕಿತ್ಸೆ ಕೊಡುತ್ತಿದ್ದವರಿಗೆ ಮೊದಲೇ ಹೇಳಿದ್ದೆ. ‘ಅರುವತ್ತಕ್ಕೆ ಅರಳುಮರಳು’ ಎಂದು ನಕ್ಕು ಕಳುಹಿಸಿದ್ದರು.

ವರ್ಷಗಟ್ಟಲೆ ಏರಿದ ಸಕ್ಕರೆ ಕಣ್ಣು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳನ್ನು ಕೆಡಿಸುವಂತೆ ಮೆದುಳಿನ ನಾಳಗಳನ್ನೂ ಕೆಡಿಸುತ್ತದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ಪಟ್ಟಿ ಮಾಡಿದ, ಡಿಮೆನ್ಷಿಯಾದ (ಮರೆಗುಳಿತನದ ಕಾಯಿಲೆಯ) ತಡೆಯಲು ಸಾಧ್ಯವಿರುವ 14 ಅಪಾಯಕಾರಿ ಅಂಶಗಳಲ್ಲಿ ಮಧುಮೇಹವೂ ಒಂದು. ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಹೇಳಿದೆ. ಇನ್ನೂ ತೊಡಕಿನ ಸಂಗತಿಯೆಂದರೆ, ಮರೆತವರು ಮಾತ್ರೆ ತಪ್ಪಿಸಿ ಸಕ್ಕರೆ ಏರಿಸಿಕೊಳ್ಳುತ್ತಾರೆ, ಇಲ್ಲವೇ ಎರಡು ಸಲ ನುಂಗಿ ತೀರಾ ಇಳಿಸಿಕೊಳ್ಳುತ್ತಾರೆ; ಹಾಗೆ ಮತ್ತೆ ಮತ್ತೆ ಇಳಿಯುವುದೂ ಮೆದುಳಿಗೆ ಒಳ್ಳೆಯದಲ್ಲ. ಆದ್ದರಿಂದ ಇಂಥ ಹಿರಿಯರಿಗೆ ಸಕ್ಕರೆ ಮಟ್ಟಕ್ಕೆ ನಲವತ್ತರ ಹರೆಯದವರಷ್ಟು ಬಿಗಿಯಾದ ಗುರಿ ಇಡದೆ, ಔಷಧಿಯ ಪ್ರಮಾಣವನ್ನು ಮರುಪರಿಶೀಲಿಸುವಂತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸೂಚನೆ ಹೋಗಬೇಕು.

ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆಯನ್ನು ಬಹುಕಾಲ ಸೇವಿಸಿದವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು, ಅದರಿಂದಲೂ ಮರೆವು ಬರುತ್ತದೆ. ತಾಯಿಗೆ ಅದೂ ಇತ್ತು. ಇಂಜೆಕ್ಷನ್ ಕೊಡಿಸಿದ ಮೇಲೆ ಸ್ವಲ್ಪ ಚುರುಕಾಗಿದ್ದಾರೆ, ಪೂರ್ತಿ ಅಲ್ಲ. ಬಿ12 ರಕ್ತಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗಬೇಕೆಂಬುದು ನನ್ನ ಇನ್ನೊಂದು ಕೋರಿಕೆ.

ಮನೆಗಳಲ್ಲಿ ಮರೆವಿನ ಬಗ್ಗೆ ಕೇಳುವ ಪ್ರಶ್ನೆಗಳನ್ನು ಸಿದ್ಧಪಡಿಸಲು ದೂರ ಹೋಗಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ನಮ್ಮ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪಿನ ಶಕ್ತಿಯನ್ನು ವರ್ಷಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ಅವರನ್ನೂ ನಿಮ್ಹಾನ್ಸ್ ತಜ್ಞರನ್ನೂ ಕೂರಿಸಿಕೊಂಡು, ನಮ್ಮ ಕಡೆಯ ಅಜ್ಜಿಯರಿಗಾಗಿ ತೆಲುಗಿನಲ್ಲೂ ಒಂದು ಪ್ರತಿ ಮಾಡಿಸಿ.

ಇಂತಿ ತಮ್ಮ ವಿಶ್ವಾಸಿ,
ಕೋಲಾರ ಜಿಲ್ಲೆಯ ಒಬ್ಬ ಮಗಳು